ಗಾದಿಯ ಮೇಲಿಂದ: ಕುಂಚ ಹಿಡಿದ ಮಗಳು



ಈ ತಿಂಗಳು ಗಾದಿಯ ಮೇಲೆ ಕುಳಿತು ಬರೆಯುತ್ತಿರುವುದು ವ್ಯಾಪಾರದ ವಿಷಯವಲ್ಲ, ಚಿತ್ರದ ವಿಷಯ. ನಾವು ಮ್ಯಾಟ್ರಿಕ್ ಮುಗಿಸಿ ನೇರವಾಗಿ ಅಂಗಡಿಗೆ ಬಂದು ಕುಳಿತವರು. ಬಟ್ಟೆಯ ಗುಣವನ್ನು ಎರಡು ಬೆರಳಿನಲ್ಲಿ ಹಿಡಿದು ಹೇಳಬಲ್ಲೆವು. ಚಿತ್ರದ ಗುಣ ಹೇಳುವ ಯೋಗ್ಯತೆ ನಮಗಿಲ್ಲ. ಆದರೂ ಕಳೆದ ಬೇಸಿಗೆಯಲ್ಲಿ ಗೋವೆಯ ಒಂದು ಮನೆಯ ಗೋಡೆಗಳನ್ನು ನೋಡಿ ಬಂದ ಮೇಲೆ, ಐವತ್ತು ವರ್ಷದಿಂದ ನಮ್ಮ ಹೆಸರಿನಲ್ಲೇ ಉಳಿದಿದ್ದ ಒಂದು ಬಾಕಿ ಕಣ್ಣ ಮುಂದೆ ಬಂದು ನಿಂತಿತು. ಅದನ್ನು ನಾಲ್ಕು ಜನರ ಮುಂದೆ ಹೇಳಿದರೆ ಭಾರ ಕಡಿಮೆಯಾದೀತೆಂದು ಈ ಲೇಖನ.

ನಮ್ಮ ಮೊಮ್ಮಗಳು ಪಿಯುಸಿ ಮುಗಿಸಿದ್ದಾಳೆ. ಚಿಕ್ಕಂದಿನಿಂದಲೂ ಕೈಯಲ್ಲಿ ಪೆನ್ಸಿಲ್ ಇದ್ದರೆ ಊಟದ ನೆನಪಿಲ್ಲದ ಹುಡುಗಿ. ಚಿತ್ರಕಲೆಯಲ್ಲೇ ಪದವಿ ಓದುತ್ತೇನೆಂದು ಹಟ ಹಿಡಿದಳು. ನಮ್ಮ ಮಗ, ಅಂದರೆ ಅವಳ ತಂದೆ, ಬಿ.ಕಾಂ. ಮಾಡಲಿ, ಅಂಗಡಿಯ ಜಿಎಸ್‌ಟಿ ಲೆಕ್ಕವನ್ನಾದರೂ ನೋಡಿಕೊಳ್ಳಲಿ ಎಂದ. "ಚಿತ್ರ ಬರೆಯುವುದರಿಂದ ಗಿಟ್ಟುವುದೇನು?" ಎಂಬುದು ಅವನ ಪ್ರಶ್ನೆ. ವ್ಯಾಪಾರಸ್ಥರ ಮನೆಯಲ್ಲಿ ಈ ಪ್ರಶ್ನೆ ಏಳುವುದು ಸಹಜ, ತಪ್ಪೆಂದು ನಾವು ಹೇಳುವುದಿಲ್ಲ. ನಮ್ಮ ಮನೆಯಾಕೆಗೆ ಬೇರೆಯೇ ಚಿಂತೆ. ಕುಂಚದ ಕೂದಲು ಯಾವ ಪ್ರಾಣಿಯದೋ, ಅಂಟು ಯಾವುದರದೋ ಎಂದು. ಮೊಮ್ಮಗಳು ನಕ್ಕು, "ಅಜ್ಜಿ, ಈಗ ನೈಲಾನ್ ಕುಂಚ ಸಿಗುತ್ತವೆ, ನಾನು ಅದನ್ನೇ ತರುತ್ತೇನೆ" ಎಂದು ಸಮಾಧಾನ ಹೇಳಿದಳು. ಅಪ್ಪ ಮಗಳ ನಡುವೆ ಎರಡು ತಿಂಗಳು ಮಾತಿಲ್ಲ. ಕೊನೆಗೆ ಇಬ್ಬರೂ ನಮ್ಮ ಮುಖ ನೋಡಿದರು. ಹಿರಿಯರು ಹೇಳಿದಂತೆ ಎಂದರು. ಹಿರಿಯರಿಗೆ ಏನೂ ತೋಚಲಿಲ್ಲ.

ಅಷ್ಟರಲ್ಲಿ ಮಾಪುಸಾ ಮತ್ತು ಪಣಜಿಗೆ ವಸೂಲಿಗೆ ಹೋಗುವ ಸಮಯ ಬಂತು. ಬೆಳಗಾವಿಯಿಂದ ಗೋವೆಗೆ ಬಟ್ಟೆ ಕಳಿಸುವ ನಮ್ಮಂಥವರಿಗೆ ಚೋರ್ಲಾ ಘಾಟ್ ಮನೆಯ ಹಿತ್ತಿಲಿದ್ದಂತೆ. ಮೊಮ್ಮಗಳು, "ಅಜ್ಜಾ, ಪಣಜಿಯ ಆರ್ಟ್ ಕಾಲೇಜು ನೋಡಿಕೊಂಡು ಬರೋಣ, ನೋಡುವುದಕ್ಕೆ ದುಡ್ಡು ಬೇಡವಲ್ಲ" ಎಂದಳು. ವ್ಯಾಪಾರಿಯ ಮೊಮ್ಮಗಳು, ಮಾತು ಹೇಗೆ ಆಡಬೇಕೆಂದು ಬಲ್ಲಳು. ಕರೆದುಕೊಂಡು ಹೋದೆವು.

ಗೋವಾ ಕಾಲೇಜ್ ಆಫ್ ಆರ್ಟ್ 1972ರಲ್ಲಿ ಆರಂಭವಾದದ್ದು. ಪಣಜಿಯ ಆಲ್ತಿನೋ ಗುಡ್ಡದ ಮೇಲಿದೆ. ಅಲ್ಲಿ ಒಂದು ಗಂಟೆ ತಿರುಗಾಡಿ ಗುಡ್ಡ ಇಳಿದರೆ ಫೊಂಟೆನ್ಯಾಸ್ ಓಣಿ. ಹಳದಿ, ನೀಲಿ, ಕೆಂಪು ಗೋಡೆಯ ಹಳೆಯ ಪೋರ್ತುಗೀಸ್ ಕಾಲದ ಮನೆಗಳು. ಆ ಓಣಿಯಲ್ಲಿ ಫುಂಡಾಸಾಂವ್ ಓರಿಯೆಂಟ್ ಎಂಬ ಸಂಸ್ಥೆಯ ಮನೆಯಿದೆ. ಮೊಮ್ಮಗಳು ಮೊದಲೇ ಗೊತ್ತು ಮಾಡಿಕೊಂಡಿದ್ದಳೆಂದು ಕಾಣುತ್ತದೆ. "ಬಿಸಿಲಿದೆ, ಒಳಗೆ ಸ್ವಲ್ಪ ಕೂರೋಣ" ಎಂದು ಕರೆದೊಯ್ದಳು. ಒಳಗೆ ಕೂರುವುದಕ್ಕಿಂತ ನಿಂತದ್ದೇ ಹೆಚ್ಚು.

ಅಲ್ಲಿರುವುದು ಟ್ರಿಂಡಾಡ್ ಮನೆತನದ ಚಿತ್ರಗಳು. ತಂದೆ ಅಂತೋನಿಯೊ ಝೇವಿಯರ್ ಟ್ರಿಂಡಾಡ್. ಗೋವೆಯ ಮೂಲದವರು, 1870ರಲ್ಲಿ ಹುಟ್ಟಿ 1935ರಲ್ಲಿ ತೀರಿಕೊಂಡರು. ಮುಂಬಯಿಯ ಸರ್ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತು ಅಲ್ಲಿಯೇ ಮುಂದೆ ಕಲಿಸಿದರು. ಕತ್ತಲೆಯಲ್ಲಿ ಒಂದೇ ಕಡೆಯಿಂದ ಬೆಳಕು ಬಿದ್ದಂತೆ ಮುಖ ಬರೆಯುವುದರಲ್ಲಿ ಪಳಗಿದ್ದರಿಂದ ಅವರನ್ನು ಪೂರ್ವದ ರೆಂಬ್ರಾಂಟ್ ಎಂದು ಕರೆಯುವುದುಂಟು. ರೆಂಬ್ರಾಂಟ್ ಹಾಲೆಂಡಿನ ದೊಡ್ಡ ಚಿತ್ರಕಾರ. ಟ್ರಿಂಡಾಡರು ತಮ್ಮ ಮನೆಯವರನ್ನೇ ಮುಂದೆ ಕೂರಿಸಿಕೊಂಡು ಬರೆಯುತ್ತಿದ್ದರು. ಪತ್ನಿ ಫ್ಲೊರೆಂಟಿನಾ ಅವರ ಚಿತ್ರಕ್ಕೆ 1920ರಲ್ಲಿ ಬಾಂಬೆ ಆರ್ಟ್ ಸೊಸೈಟಿಯ ಚಿನ್ನದ ಪದಕ ಬಂತು.

ನಮ್ಮ ಓದುಗರು ವ್ಯಾಪಾರಸ್ಥರಾದ್ದರಿಂದ ಒಂದು ಮಾತು ಸೇರಿಸುತ್ತೇವೆ. ಟ್ರಿಂಡಾಡರು ಕಲಿತ ಆ ಜೆ.ಜೆ. ಶಾಲೆ ಸರಕಾರದ ತಲೆಯಿಂದ ತಾನಾಗಿ ಹುಟ್ಟಿದ್ದಲ್ಲ. ಸರ್ ಜಮ್‌ಷೆಟ್‌ಜಿ ಜೀಜಿಭಾಯ್ ಎಂಬ ಪಾರ್ಸಿ ವ್ಯಾಪಾರಿ ಕೊಟ್ಟ 1 ಲಕ್ಷ ರೂಪಾಯಿಯ ದಾನದಿಂದ ಅದು 1857ರಲ್ಲಿ ಆರಂಭವಾಯಿತು. ಆ ಕಾಲದ ಲಕ್ಷ ರೂಪಾಯಿ! ಚಿತ್ರದಿಂದ ಗಿಟ್ಟುವುದೇನು ಎಂದು ಆ ವ್ಯಾಪಾರಿ ಕೇಳಿಕೊಂಡಿದ್ದರೆ ಶಾಲೆ ಆಗುತ್ತಿರಲಿಲ್ಲ.

ಇನ್ನೊಂದು ಸಂಗತಿ ನಮ್ಮನ್ನು ಆ ಚಿತ್ರಗಳ ಮುಂದೆ ನಿಲ್ಲಿಸಿತು. ಅವು ತೈಲಚಿತ್ರಗಳು. ಎಣ್ಣೆ ಯಾವುದು ಎಂದು ಕೇಳಿದೆವು. ಅಗಸಿ ಎಣ್ಣೆ ಎಂದಳು ಮೊಮ್ಮಗಳು. ನಮ್ಮ ಊಟದಲ್ಲಿ ರೊಟ್ಟಿಯ ಜೊತೆ ಬರುವ ಅಗಸಿ ಚಟ್ನಿಯ ಅಗಸಿಯೇ! ಬಣ್ಣದ ಪುಡಿಯನ್ನು ಅಗಸಿ ಎಣ್ಣೆಯಲ್ಲಿ ಅರೆದು ಬಟ್ಟೆಯ ಮೇಲೆ ಹಚ್ಚುತ್ತಾರೆ. ನೀರು ಆರಿದಂತೆ ಈ ಎಣ್ಣೆ ಆರುವುದಿಲ್ಲ. ಗಾಳಿಯನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ದಿನಗಟ್ಟಲೆ ಹಸಿಯಾಗಿ ಇರುವುದರಿಂದ ಒಂದು ಬಣ್ಣವನ್ನು ಇನ್ನೊಂದರೊಳಗೆ ಸೇರಿಸಿ ಕೆನ್ನೆಯ ಹೊಳಪು, ಕಣ್ಣ ಕೆಳಗಿನ ನೆರಳು ತರಲು ಬರುತ್ತದೆ. ಅದನ್ನು ಹಚ್ಚುವ ಬಟ್ಟೆಯೋ, ಯುರೋಪಿನಲ್ಲಿ ಹೆಚ್ಚಾಗಿ ಲಿನನ್. ಲಿನನ್ ಎಂದರೆ ಅಗಸಿ ಗಿಡದ ನಾರಿನದೇ ಬಟ್ಟೆ. ಬೀಜದ ಎಣ್ಣೆ ಮೇಲೆ, ದಂಟಿನ ನಾರು ಕೆಳಗೆ. ನಲವತ್ತೆಂಟು ವರ್ಷ ಲಿನನ್ ಥಾನು ಮಾರಿದ ನಮಗೆ ಇದು ತಿಳಿದಿರಲಿಲ್ಲ.

ಮುಂದಿನ ಚಿತ್ರಗಳ ಬಳಿ ಬಂದಾಗ ಮೊಮ್ಮಗಳು, "ಅಜ್ಜಾ, ಇವು ತಂದೆಯವಲ್ಲ, ಮಗಳವು" ಎಂದಳು. ಮಗಳ ಹೆಸರು ಏಂಜೆಲಾ ಟ್ರಿಂಡಾಡ್. 1909ರಲ್ಲಿ ಹುಟ್ಟಿದವರು. ತಂದೆಯ ಕೈಕೆಳಗೂ ಜೆ.ಜೆ. ಶಾಲೆಯಲ್ಲೂ ಕಲಿತರು. ಮೊದಲು ತಂದೆಯ ಹಾಗೆಯೇ ಮುಖಚಿತ್ರ ಬರೆದರು. ಆಮೇಲೆ ಯೇಸು ಮತ್ತು ಮೇರಿಯರನ್ನು ನಮ್ಮ ದೇಶದ ರೀತಿಯಲ್ಲಿ ಬರೆದರು. ಅವರ ಮೇರಿ ಸೀರೆ ಉಟ್ಟ ತಾಯಿ. ಇನ್ನೂ ಮುಂದೆ ಅಮೆರಿಕೆಗೆ ಹೋಗಿ ತ್ರಿಕೋನಗಳಿಂದಲೇ ಚಿತ್ರ ಕಟ್ಟುವ ತಮ್ಮದೇ ಒಂದು ರೀತಿ ಮಾಡಿಕೊಂಡರು. ಟ್ರಿಂಡಾಡ್ ಎಂಬ ಪೋರ್ತುಗೀಸ್ ಮಾತಿಗೆ ತ್ರಿಮೂರ್ತಿ ಎಂಬ ಅರ್ಥವಿದೆಯಂತೆ. ಮನೆತನದ ಹೆಸರನ್ನೇ ಚಿತ್ರದ ಆಕಾರ ಮಾಡಿಕೊಂಡ ಮಗಳು! 1980ರಲ್ಲಿ ತೀರಿಕೊಂಡರು. ಚಿತ್ರಗಳು ಹರಿದು ಹಂಚಿಹೋಗದೆ ಉಳಿದದ್ದು ಆ ಮನೆಯ ಇನ್ನೊಬ್ಬ ಮಗಳು ಎಸ್ತರ್ ಅವರ ಹೆಸರಿನ ಟ್ರಸ್ಟ್‌ನಿಂದ. ಆ ಟ್ರಸ್ಟ್ ಅವನ್ನು ಈ ಸಂಸ್ಥೆಗೆ ಕೊಟ್ಟಿತು. ತಂದೆ ಬರೆದರು, ಒಬ್ಬ ಮಗಳು ಬರೆದಳು, ಇನ್ನೊಬ್ಬ ಮಗಳ ಹೆಸರಿನಲ್ಲಿ ಅವು ಕಾಯ್ದು ಬಂದವು.

ಗೋಡೆಯ ಮೇಲೆ ತಂದೆಯ ಹೆಸರು ಬೇರೆ, ಮಗಳ ಹೆಸರು ಬೇರೆ. ಎರಡು ಖಾತೆ. ಒಂದರ ಜಮೆ ಇನ್ನೊಂದಕ್ಕೆ ಹೋಗಿಲ್ಲ. ಗಾದಿಯ ಮನುಷ್ಯನಿಗೆ ಮೊದಲು ಕಾಣುವುದು ಅದೇ.

ಮಧ್ಯಾಹ್ನ ಒಂದು ಶಾಕಾಹಾರಿ ಊಟದ ಮನೆಯಲ್ಲಿ ಕುಳಿತಾಗ ನಾವು ಅದನ್ನೇ ಹೇಳಿದೆವು. ಮೊಮ್ಮಗಳು, "ಎಲ್ಲ ಕಡೆ ಹಾಗೆ ಇಲ್ಲ ಅಜ್ಜಾ" ಎಂದು ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಸ್ಪೇನ್ ದೇಶದ ತೈಲಚಿತ್ರ. ಗೊಯಾ ಎಂಬ ಹೆಸರಾಂತ ಚಿತ್ರಕಾರ 1804ರಲ್ಲಿ ಬರೆದದ್ದು, ಈಗ ಮ್ಯಾಡ್ರಿಡ್ ನಗರದ ಪ್ರಾಡೊ ವಸ್ತುಸಂಗ್ರಹಾಲಯದಲ್ಲಿದೆ. ಚಿತ್ರದಲ್ಲಿ ಕುರ್ಚಿಯ ಮೇಲೆ ಕುಳಿತ ಒಬ್ಬ ಹೆಣ್ಣುಮಗಳು. ವಿಲ್ಯಾಫ್ರಾಂಕಾ ಎಂಬ ಸರದಾರ ಮನೆತನದ ಸೊಸೆ, ಹೆಸರು ಮಾರಿಯಾ ತೊಮಾಸಾ ದೆ ಪಲಾಫೊಕ್ಸ್. 1780ರಲ್ಲಿ ಹುಟ್ಟಿದವಳು. ಅವಳು ಸುಮ್ಮನೆ ಅಲಂಕಾರ ಮಾಡಿಕೊಂಡು ಕುಳಿತಿಲ್ಲ. ಎದುರಿಗೆ ಹಲಗೆಯ ಮೇಲೆ ಅವಳ ಗಂಡನ ಚಿತ್ರವಿದೆ, ಅವಳೇ ಬರೆಯುತ್ತಿರುವುದು. ಬರೆಯುವುದನ್ನು ಅರ್ಧಕ್ಕೆ ನಿಲ್ಲಿಸಿ ತಲೆ ಎತ್ತಿದಂತಿದೆ, ಹಸಾಬು ಮಾಡುವಾಗ ಯಾರೋ ಕರೆದರೆ ನಾವು ತಲೆ ಎತ್ತುವ ಹಾಗೆ. ಇನ್ನೂರು ವರ್ಷಕ್ಕಿಂತ ಹಿಂದೆ ಒಬ್ಬ ದೊಡ್ಡ ಚಿತ್ರಕಾರ ಒಬ್ಬ ಹೆಣ್ಣುಮಗಳನ್ನು ಕೆಲಸದಲ್ಲಿ ಕಂಡು ಹಾಗೆಯೇ ಬರೆದನಲ್ಲ ಎಂದು ನಮಗೆ ಸಂತೋಷವಾಯಿತು.

"ಒಳ್ಳೆಯದೇ ಆಯಿತಲ್ಲ?" ಎಂದೆವು.

"ಗೊಯಾನ ಚಿತ್ರ ಜಗತ್ತಿಗೇ ಗೊತ್ತು. ಇವಳು ಬರೆದ ಚಿತ್ರ ಎಷ್ಟು ಜನರಿಗೆ ಗೊತ್ತು, ಹೇಳಿ?" ಎಂದಳು.

ಅವಳು ಮುಂದೆ ಹೇಳಿದ್ದು ಇದಕ್ಕಿಂತ ಹೆಚ್ಚು ನಾಟಿತು. ಇದೇ ಗೊಯಾನ ಮನೆಯಲ್ಲಿ ಬೆಳೆದ ರೊಸಾರಿಯೊ ವೈಸ್ ಎಂಬ ಹುಡುಗಿಗೆ ಅವನೇ ಕೈ ಹಿಡಿದು ಚಿತ್ರ ಕಲಿಸಿದ. ಅವಳು ಎಷ್ಟು ಗಟ್ಟಿಗಳಾದಳೆಂದರೆ 1842ರಲ್ಲಿ ಸ್ಪೇನಿನ ಚಿಕ್ಕ ವಯಸ್ಸಿನ ರಾಣಿಗೆ ಚಿತ್ರ ಕಲಿಸುವ ಶಿಕ್ಷಕಿಯಾದಳು. ಮರುವರ್ಷವೇ, ಇಪ್ಪತ್ತೆಂಟರ ವಯಸ್ಸಿನಲ್ಲಿ ತೀರಿಕೊಂಡಳು. ಆಮೇಲೆ ಏನಾಯಿತು? ಅವಳು ಬರೆದ ಎಷ್ಟೋ ರೇಖಾಚಿತ್ರಗಳನ್ನು ಗೊಯಾ ಬರೆದದ್ದೆಂದೇ ಜನ ನಂಬಿದರು. ಬಹಳ ಕಾಲದ ಮೇಲೆ ಪಂಡಿತರು ಹುಡುಕಿ ಅವನ್ನು ಅವಳ ಹೆಸರಿಗೆ ಮರಳಿಸಬೇಕಾಯಿತು. ಗುರುವಿನ ಖಾತೆಗೆ ಜಮೆಯಾದ ಶಿಷ್ಯೆಯ ದುಡಿಮೆ.

ಈಗಿನ ಕಾಲದ್ದೂ ಕೇಳಿ. 2020ರಲ್ಲಿ ಅದೇ ಪ್ರಾಡೊದವರು ಹಿಂದಿನ ಕಾಲದಲ್ಲಿ ಸ್ಪೇನಿನ ಹೆಂಗಸರನ್ನು ಚಿತ್ರಲೋಕ ಹೇಗೆ ಹೊರಗಿಟ್ಟಿತೆಂದು ತೋರಿಸಲು ಒಂದು ದೊಡ್ಡ ಪ್ರದರ್ಶನ ಮಾಡಿದರು. ಅದರಲ್ಲಿ ಹೆಂಗಸೊಬ್ಬಳು ಬರೆದದ್ದೆಂದು ಇಟ್ಟ ಒಂದು ಚಿತ್ರ ಗಂಡಸೊಬ್ಬ ಬರೆದದ್ದೆಂದು ಪ್ರದರ್ಶನ ನಡೆಯುತ್ತಿದ್ದಾಗಲೇ ಗೊತ್ತಾಗಿ, ಗೋಡೆಯಿಂದ ಇಳಿಸಬೇಕಾಯಿತು. ಹೊರಗಿಟ್ಟವರನ್ನು ಒಳಗೆ ಕರೆಯಲು ಹೋದವರೇ ಹೆಸರಿನಲ್ಲಿ ಎಡವಿದರು. ಅಷ್ಟು ಓದಿದವರ ಲೆಕ್ಕವೇ ಹೀಗೆ ತಪ್ಪುವುದಾದರೆ, ಹೆಸರನ್ನೇ ಬರೆದಿಡದ ನಮ್ಮಂಥವರ ಮನೆಯ ಲೆಕ್ಕ ಏನಾಗಿರಬೇಡ?

ಆ ಕ್ಷಣದಲ್ಲಿ ನಮ್ಮ ಬಾಯಿಯ ತುತ್ತು ಒಳಗೆ ಇಳಿಯಲಿಲ್ಲ. ನಮಗೆ ನಮ್ಮ ಅಕ್ಕ ನೆನಪಾದಳು.

ಶಹಾಪುರ ಮತ್ತು ವಡಗಾವಿಯ ಮಗ್ಗಗಳ ಸೀರೆ ನಮ್ಮ ಅಪ್ಪಾಜಿಯವರ ವ್ಯಾಪಾರ. ಸೀರೆಯ ಬೆಲೆ ಅಂಚು ಮತ್ತು ಸೆರಗಿನಲ್ಲಿರುತ್ತದೆ. 1970ರಿಂದ ನಾಲ್ಕೈದು ವರ್ಷ ನಮ್ಮ ಅಂಗಡಿಯ ಅಂಚುಗಳಿಗೆ ಹುಬ್ಬಳ್ಳಿಯವರೆಗೂ ಹೆಸರಿತ್ತು. ಅವನ್ನು ಬರೆಯುತ್ತಿದ್ದವಳು ಅಕ್ಕ. ನಮಗಿಂತ ಆರು ವರ್ಷ ದೊಡ್ಡವಳು. ರಾತ್ರಿ ಪಾತ್ರೆ ಎತ್ತಿಟ್ಟ ಮೇಲೆ ಕಂದೀಲು ಹತ್ತಿರ ಎಳೆದುಕೊಂಡು ಚೌಕಳಿ ಕಾಗದದ ಮೇಲೆ ಒಂದೊಂದೇ ಚೌಕ ತುಂಬುತ್ತಿದ್ದಳು. ಒಂದು ಚೌಕ ತಪ್ಪಿದರೆ ಮಗ್ಗದಲ್ಲಿ ಎಳೆ ತಪ್ಪುತ್ತದೆ. ನೇಕಾರರು ಆ ಕಾಗದ ನೋಡಿ ನೇಯುತ್ತಿದ್ದರು. ಬಸದಿಯ ಕಂಬದ ಬಳ್ಳಿ, ಹುಣಸೆ ಎಲೆ, ನಮ್ಮ ಹಿತ್ತಿಲಿನ ಪಾರಿಜಾತದ ಹೂವು, ಇವೇ ಅವಳ ಅಂಚುಗಳು. ಯಾರಾದರೂ "ಈ ಅಂಚು ಯಾರದು ಶೆಟ್ರೇ?" ಎಂದು ಕೇಳಿದರೆ ಅಪ್ಪಾಜಿ "ನಮ್ಮ ಅಂಗಡಿಯದು" ಎನ್ನುತ್ತಿದ್ದರು. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

1974ರಲ್ಲಿ ಅಕ್ಕ ಬೇರೆ ಊರಿನ ಒಂದು ಚಿತ್ರಕಲಾ ಶಾಲೆಯ ಅರ್ಜಿ ತರಿಸಿ ತುಂಬಿದಳು. ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿ ಅಂಟಿಸಿದಳು. ತಂದೆಯ ಸಹಿಯೊಂದು ಬೇಕಿತ್ತು. ಅಪ್ಪಾಜಿಯವರ ಮುಂದೆ ತಾನು ಹೇಳಲು ಹೆದರಿ, ಅಂಗಡಿಯಲ್ಲಿ ಅವರ ಮನಸ್ಸು ನೋಡಿ ಸಹಿ ಹಾಕಿಸಿಕೊಂಡು ಬಾ ಎಂದು ಅದನ್ನು ನಮ್ಮ ಕೈಗೆ ಕೊಟ್ಟಳು. ನಮಗೆ ಆಗ ಹದಿನೈದು ವರ್ಷ. ನಾವು ಆ ಅರ್ಜಿಯನ್ನು ಅಪ್ಪಾಜಿಯವರಿಗೆ ತೋರಿಸಲೇ ಇಲ್ಲ. ಹಳೆಯ ಖಾತೆಯ ಪುಸ್ತಕದೊಳಗೆ ಮಡಿಚಿಟ್ಟೆವು. ಕೊನೆಯ ದಿನ ದಾಟಿದ ಮೇಲೆ, "ಅಪ್ಪಾಜಿ ಬೇಡ ಅಂದರು" ಎಂದು ಹೇಳಿಬಿಟ್ಟೆವು.

ಬೈಗುಳಕ್ಕೆ ಹೆದರಿದೆವು ಎಂದರೆ ಅರ್ಧ ನಿಜ. ಇನ್ನರ್ಧವನ್ನೂ ಇಲ್ಲಿ ಬರೆದುಬಿಡುತ್ತೇವೆ. ಅಕ್ಕ ಹೊರಟುಹೋದರೆ ಅಂಚು ಬರೆಯುವವರು ಯಾರು ಎಂಬ ಲೆಕ್ಕ ಆಗಲೇ ನಮ್ಮ ತಲೆಯಲ್ಲಿ ಓಡಿತ್ತು. ಮರುವರ್ಷ ಅವಳ ಮದುವೆಯಾಗಿ ಸಾಂಗಲಿಗೆ ಹೋದಳು. ಆಮೇಲೆ ಅಂಚು ಬರೆಯುವವನೊಬ್ಬನನ್ನು ಗೊತ್ತು ಮಾಡಿ, ಒಂದೊಂದು ನಮೂನೆಗೂ ಹಣ ಎಣಿಸಿ ಕೊಟ್ಟೆವು. ಅವನ ಹೆಸರು, ಕೊಟ್ಟ ಮೊತ್ತ, ತಾರೀಖು ಎಲ್ಲ ಕಿರ್ದಿಯಲ್ಲಿದೆ. ಅಕ್ಕನ ಹೆಸರು ಯಾವ ಪುಟದಲ್ಲೂ ಇಲ್ಲ.

ಓದುಗರೇ, ಇದು ನಮ್ಮ ಸಂಪ್ರದಾಯವೇ ಎಂದು ಮಾತ್ರ ಯಾರೂ ಹೇಳಬಾರದು. ನಮ್ಮ ಪುರಾಣ ಹೇಳುವುದು ಬೇರೆ. ಭಗವಾನ್ ಆದಿನಾಥರು ತಮ್ಮ ಮಗಳು ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕಗಳನ್ನೂ ಕಲಿಸಿದರೆಂದು ನಾವು ಮಕ್ಕಳಿಗೆ ಪಾಠಶಾಲೆಯಲ್ಲಿ ಹೇಳಿಕೊಡುತ್ತೇವೆ. ಲಿಪಿಗೆ ಇಂದಿಗೂ ಬ್ರಾಹ್ಮಿ ಎಂದೇ ಹೆಸರು, ಮಗಳ ಹೆಸರು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಅವಳ ಕೀರ್ತಿಯನ್ನು 1007ರ ಲಕ್ಕುಂಡಿಯ ಶಾಸನದಲ್ಲಿ ಕಲ್ಲಿನಲ್ಲೇ ಕೆತ್ತಿಸಿದರು ನಮ್ಮ ಹಿರಿಯರು. ಸಾವಿರ ವರ್ಷದ ಹಿಂದೆ ಕಲ್ಲಿನಲ್ಲಿ ಬರೆದವರ ವಂಶದವರು ನಾವು, ಕಾಗದದಲ್ಲಿ ಬರೆಯಲು ಜಿಪುಣತನ ಮಾಡಿದೆವು.

ಗೋವೆಯಿಂದ ಬಂದ ಮರುದಿನ ಅಟ್ಟದ ಪೆಟ್ಟಿಗೆ ಇಳಿಸಿದೆವು. 1974ರ ಖಾತೆಯ ಪುಸ್ತಕ ಸಿಕ್ಕಿತು. ಒಂದು ಮೂಲೆ ಗೆದ್ದಲು ತಿಂದಿತ್ತು. ಒಳಗೆ ಅರ್ಜಿ ಇತ್ತು. ಮೂಲೆಯಲ್ಲಿ ಅಕ್ಕನ ಫೋಟೋ, ಎರಡು ಜಡೆ, ಕಾಲರಿನ ಪೋಲಕ, ನಗಬಾರದೆಂದು ಗಟ್ಟಿಯಾಗಿ ಮುಚ್ಚಿದ ತುಟಿ. ಮದುವೆಗೆ ಮುಂಚಿನ ಅವಳ ಫೋಟೋ ನಮ್ಮ ಮನೆಯಲ್ಲಿ ಅದೊಂದೇ. ಗೊಯಾನ ಚಿತ್ರದ ಹೆಣ್ಣುಮಗಳಿಗೆ ಪ್ರಾಡೊದಲ್ಲಿ ಜಾಗ ಸಿಕ್ಕಿತು. ನಮ್ಮ ಮನೆಯ ಚಿತ್ರಗಾರ್ತಿಯ ಮುಖ ಐವತ್ತು ವರ್ಷ ಉದ್ರಿ ಲೆಕ್ಕದ ನಡುವೆ ಮಲಗಿತ್ತು. ಅದರ ಜೊತೆ ಅವಳ ಚೌಕಳಿ ಕಾಗದಗಳು ಮೂವತ್ತೊಂದು.

ಎಲ್ಲವನ್ನೂ ಒಂದು ಹೊಸ ಫೈಲಿನಲ್ಲಿಟ್ಟುಕೊಂಡು ಮೊಮ್ಮಗಳ ಜೊತೆ ಸಾಂಗಲಿ ಬಸ್ ಹತ್ತಿದೆವು.

ಅಕ್ಕನಿಗೆ ಈಗ ಎಪ್ಪತ್ತೆರಡು. ಕಣ್ಣಿನ ಪೊರೆ ತೆಗೆಸಿಕೊಂಡಿದ್ದಾಳೆ. ಚಹಾ ಆಯಿತು, ಊರ ಸುದ್ದಿ ಆಯಿತು. ಫೈಲು ಬಿಚ್ಚಿ ಅರ್ಜಿಯನ್ನು ಮುಂದಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಬಹಳ ಹೊತ್ತು ನೋಡಿದಳು.

"ನನಗ ಅವತ್ತ ಗೊತ್ತಾಗಿತ್ತೋ ತಮ್ಮಾ" ಎಂದಳು. "ಅಪ್ಪಾಜಿ ಬ್ಯಾಡ ಅನ್ನೂದಿದ್ರ ನನ್ನ ಮುಂದ ಕುಂತ ಹೇಳತಿದ್ರು. ನಿನ್ನ ಕೈಲೆ ಹೇಳಿ ಕಳಸೂ ಮನಷ್ಯಾ ಅಲ್ಲ ಅವರು."

"ಮತ್ತ ಯಾಕ ಕೇಳಲಿಲ್ಲ ಅಕ್ಕಾ?"

"ಕೇಳಿದ್ರ ನಿನಗ ಏಟು ಬೀಳತಿದ್ವು. ನೀನೂ ಸಣ್ಣಾವ ಇದ್ದಿ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಮ್ಯಾಗ ನೀ ದೊಡ್ಡಾವ ಆದಿ. ಆಗ ಹೇಳಬಹುದಿತ್ತು" ಎಂದಳು.

ಆ ಮಾತಿಗೆ ನಮ್ಮ ಬಳಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ನಾವು ಆ ಮೂವತ್ತೊಂದು ಅಂಚುಗಳ ಹಣ ಕೊಡುತ್ತೇವೆಂದೆವು. ಅವಳಿಗೆ ನಗು ಬಂತು. "ಬಡ್ಡಿ ಹಿಡಿದು ಕೊಡ್ತಿಯೇನು? ಬ್ಯಾಡ, ಅಂಗಡಿ ಮಾರಬೇಕಾದೀತು" ಎಂದಳು. "ಆ ಫೋಟೋ ಕೊಡು. ಅದಕ್ಕ ರೊಕ್ಕ ಕೂಡಿಸಿ ಎರಡೂವರಿ ರೂಪಾಯಿ ಕೊಟ್ಟಿದ್ದೆ." ಆಮೇಲೆ ಮೊಮ್ಮಗಳ ಕಡೆ ತಿರುಗಿ, "ಈಕಿ ಅರ್ಜಿ ಯಾರ ಕೈಯಾಗ ಐತಿ?" ಎಂದು ಕೇಳಿದಳು.

ನಾವು ಒಂದೊಂದು ಕಾಗದದ ಹಿಂದೆಯೂ ಅವಳ ಸಹಿ ಕೇಳಿದೆವು. "ಈಗ ಮಾಡಿ ಏನಾಗಬೇಕೋ" ಎನ್ನುತ್ತಲೇ ಕನ್ನಡಕ ಹುಡುಕಿದಳು. ಮೂವತ್ತೊಂದಕ್ಕೂ ಹೆಸರು ಬರೆದಳು. ಮದುವೆಗೆ ಮುಂಚಿನ ಹೆಸರೋ ನಂತರದ್ದೋ ಎಂದು ಮೊಮ್ಮಗಳು ಕೇಳಿದ್ದಕ್ಕೆ, ಬರೆದಾಗ ಯಾವುದಿತ್ತೋ ಅದೇ ಎಂದಳು. ಇಪ್ಪತ್ತನಾಲ್ಕನೆಯದನ್ನು ಕೈಯಲ್ಲಿ ಹಿಡಿದು, "ಇದರಾಗ ಒಂದ ಚೌಕ ತಪ್ಪೈತಿ. ನೇಕಾರ ತಾನ ತಿದ್ದಿ ನೇಯ್ದಿದ್ದ, ಪುಣ್ಯಾತ್ಮ" ಎಂದು ಬೆರಳಿಟ್ಟು ತೋರಿಸಿದಳು. ಐವತ್ತು ವರ್ಷದ ಮೇಲೂ ಅವಳಿಗೆ ತಪ್ಪಿದ ಚೌಕ ನೆನಪಿತ್ತು!

ಮನೆಗೆ ಬಂದು ಆ ರಾತ್ರಿ ಮಗನನ್ನು ಕೂರಿಸಿಕೊಂಡು ಈ ಎಲ್ಲ ಸಂಗತಿ ಹೇಳಿದೆವು. ನೀನು ಹೀಗೆ ಮಾಡು ಎಂದು ಹೇಳಲಿಲ್ಲ. ಆ ಹಕ್ಕು ನಮಗೆ ಉಳಿದಿಲ್ಲವೆಂದೇ ನಮಗೆ ತೋರಿತು. ಅವನು ಎರಡು ದಿನ ಸುಮ್ಮನಿದ್ದ. ಮೂರನೆಯ ದಿನ ಅರ್ಜಿಗೆ ಸಹಿ ಹಾಕಿ, ತಾನೇ ಅದನ್ನು ಕಳಿಸಿ ಬಂದ. ರಸೀದಿಯನ್ನು ಮಗಳ ಕೈಯಲ್ಲಿ ಕೊಟ್ಟ. ಒಂದು ಕರಾರು ಹಾಕಿದ್ದಾನೆ, ಬಣ್ಣದ ಖರ್ಚಿನ ಲೆಕ್ಕವನ್ನು ಅವಳೇ ಬರೆದಿಡಬೇಕು. ಪ್ರವೇಶ ಪರೀಕ್ಷೆ ಬರೆದಿದ್ದಾಳೆ. ಸಿಗುತ್ತದೋ ಇಲ್ಲವೋ ಇದನ್ನು ಬರೆಯುವ ಹೊತ್ತಿಗೆ ತಿಳಿದಿಲ್ಲ. ಗೋವೆಯಲ್ಲಿ ಹೊರಗಿನವರಿಗೆ ಸೀಟು ಸಿಗುವುದು ಕಷ್ಟ ಎನ್ನುತ್ತಾರೆ. ಅಲ್ಲಿ ಆಗದಿದ್ದರೆ ಧಾರವಾಡವಿದೆ, ಬೆಂಗಳೂರಿದೆ. ಓದಿ ಬಂದ ಮೇಲೆ ಅವಳು ಏಂಜೆಲಾ ಟ್ರಿಂಡಾಡ್ ಆಗುತ್ತಾಳೆಂದು ನಾವು ಹೇಳುತ್ತಿಲ್ಲ. ಅವಳ ಚಿತ್ರ ಮಾರಾಟವಾಗದೆಯೂ ಹೋಗಬಹುದು. ವ್ಯಾಪಾರದಲ್ಲೂ ಎಲ್ಲ ಮಾಲು ಬಿಕರಿಯಾಗುವುದಿಲ್ಲ, ಅದಕ್ಕೆಂದು ನಾವು ಅಂಗಡಿ ತೆರೆಯದೆ ಇರುತ್ತೇವೆಯೇ?

ಈಗ ಅವಳು ಅಕ್ಕನ ಚಿತ್ರ ಬರೆಯಲು ಶುರು ಮಾಡಿದ್ದಾಳೆ, ಎಣ್ಣೆ ಬಣ್ಣದಲ್ಲಿ. ಆ ಹಳೆಯ ಫೋಟೋ ನೋಡಿ ಬರೆಯುತ್ತೇನೆಂದಳು. ಅಕ್ಕ ಒಪ್ಪಲಿಲ್ಲ. "ನಾ ಜೀವಂತ ಕುಂತೇನಿ, ಈ ಮುಖಾನ ಬರಿ" ಎಂದಳಂತೆ. ಶ್ರಾವಣಕ್ಕೆ ನಮ್ಮ ಮನೆಗೆ ಬಂದವಳು ದಿನಕ್ಕೆ ಒಂದು ತಾಸು ಕುಳಿತುಕೊಳ್ಳುತ್ತಾಳೆ, ತೊಡೆಯ ಮೇಲೆ ಚೌಕಳಿ ಕಾಗದ, ಕೈಯಲ್ಲಿ ಪೆನ್ಸಿಲ್. ಬೆನ್ನು ನೋಯುತ್ತದೆ ಎಂದು ಗೊಣಗುತ್ತಾಳೆ, ಎದ್ದು ಹೋಗುವುದಿಲ್ಲ. ಚಿತ್ರ ಇನ್ನೂ ಹಸಿ ಇದೆ. ಅಗಸಿ ಎಣ್ಣೆ ಆರಲು ದಿನ ಬೇಕು.

ಓದುಗ ಬಂಧುಗಳಲ್ಲಿ, ವಿಶೇಷವಾಗಿ ನಮ್ಮ ವಯಸ್ಸಿನ ಗಾದಿಯ ಮಾಲೀಕರಲ್ಲಿ, ಒಂದು ವಿನಂತಿ. ದೀಪಾವಳಿಗೆ ನಾವು ಹಳೆಯ ಖಾತೆ ಮುಗಿಸಿ ಹೊಸದಕ್ಕೆ ಪೂಜೆ ಮಾಡುತ್ತೇವೆ. ಈ ಸಲ ಹಳೆಯ ಪೆಟ್ಟಿಗೆಗಳನ್ನು ಒಮ್ಮೆ ಪೂರ್ತಿ ಬಿಚ್ಚಿ ನೋಡಿ. ನಿಮ್ಮ ಅಂಗಡಿಯ ಹೆಸರಿನಲ್ಲಿ ನಡೆದ ಕೆಲಸದಲ್ಲಿ ಮನೆಯ ಹೆಣ್ಣುಮಕ್ಕಳ ಕೈ ಎಲ್ಲೆಲ್ಲಿದೆ ಎಂದು ಹುಡುಕಿ. ಕಸೂತಿ ಇರಬಹುದು, ರಂಗೋಲಿಯ ಪುಸ್ತಕ ಇರಬಹುದು, ಉಪ್ಪಿನಕಾಯಿಯ ಅಳತೆ ಬರೆದ ಚೀಟಿ ಇರಬಹುದು. ಅದರ ಹಿಂದೆ ಅವರ ಹೆಸರು, ವರ್ಷ ಬರೆಯಿಸಿ ಇಡಿ, ಅವರು ಇರುವಾಗಲೇ. ಯಾರಾದರೂ ನಿಮ್ಮ ಕೈಗೆ ಒಂದು ಅರ್ಜಿ ಕೊಟ್ಟಿದ್ದರೆ ಅದನ್ನು ಮುಟ್ಟಿಸಬೇಕಾದಲ್ಲಿಗೆ ಮುಟ್ಟಿಸಿ.

ನಮ್ಮ ಈ ವರ್ಷದ ಖಾತೆಯಲ್ಲಿ ಅಕ್ಕನ ಹೆಸರಿನಲ್ಲಿ ಒಂದು ಪುಟ ತೆರೆದಿದ್ದೇವೆ. ಜಮೆಯ ಕಡೆ ಮೂವತ್ತೊಂದು ಅಂಚು ಎಂದು ಬರೆದಿದ್ದೇವೆ. ಮೊತ್ತದ ಜಾಗ ಖಾಲಿ ಇದೆ.